ಬಲಗೈ ಬಳೆ

ಆ ಶಾಂತಿ ಮೇಲೆ ನಂಗೆ ಮೊದ್ಲಿಂದ್ಲೂ ಅನುಮಾನ. ಆಶಾ ಕಾರ್ಯಕರ್ತೆ ಅಂತೆ. ಕೊರೊನಾ ಎರಡನೇ ಸಲ ಬಂದಾಗ ಗುಲಾಬಿ ಸೀರೆ ಉಟ್ಕೊಂಡು ದಿನಾ ನಮ್ ಮಠದ ಬೀದಿಗೆ ಬಂದ್ಬುಡೋಳು. ಯಾರಿಗೆ ಜ್ವರ, ಯಾರಿಗೆ ಕೆಮ್ಮು ಅಂತ ಬರ್ಕೊಂಡು ಓಗೋಳು. ಬರ್ಕೊಂಡಿದ್ದು ಯಾರ ಕೈ ಸೇರುತ್ತೋ, ನಾವೇನು ಕಂಡಿದ್ವಾ?

ಹಳ್ಳಿಮೈಸೂರು ಪಕ್ಕದ ನಮ್ಮೂರ ಈ ಬೀದೀಲಿ ಎಂಟೇ ಮನೆ. ಎಲ್ಲಾ ಲಿಂಗ ಕಟ್ಟಿದೋರು, ಬೇರೆಯೋರು ಮನೆ ಒಳಗೆ ಕಾಲಿಡಂಗಿಲ್ಲ. ನನ್ ಮೈದ ರುದ್ರೇಶ ಮಠದ ಜಗಲಿ ಮೇಲೆ ಕೂತು ಎಲ್ಲರ್ಗೂ ಏಳ್ಬುಟ್ಟಿದ್ದ, ಆಸ್ಪತ್ರೆಗೆ ಓದ್ರೆ ಮೊದ್ಲು ಕೊರಳಿನ ಲಿಂಗ ಬಿಚ್ಚಿ ಬಿಸಾಕ್ತಾರೆ, ಸತ್ರೆ ಪ್ಲಾಸ್ಟಿಕ್ನಾಗೆ ಸುತ್ತಿ ಸುಟ್ಬುಡ್ತಾರೆ ಅಂತ. ನಮ್ಮೋರ್ನ ಸುಡೋದುಂಟಾ? ಅಂಗೈಲಿ ಲಿಂಗ ಇಟ್ಟು ಮಣ್ಣು ಮಾಡೋ ಜನ ಕಣ ನಾವು.

ನಮ್ಮ ಯಜಮಾನ್ರು ಚಂದ್ರಯ್ಯನೋರಿಗೆ ಜ್ವರ ಬಂದಾಗ ಅದಕ್ಕೇ ಬಾಯಿ ಮುಚ್ಕೊಂಡೆ. ಶಾಂತಿ ಕೇಳಿದ್ರೆ ಪೂಜೆಗೆ ಕೂತವ್ರೆ ಅಂದೆ. ಪೂಜೆಗೆ ಕೂತೋರ್ನ ಮಾತಾಡ್ಸಂಗಿಲ್ಲ ಅಂತ ಅವ್ಳಿಗೂ ಗೊತ್ತು. ಆದ್ರೂ ಬಿಡ್ಲಿಲ್ಲ ಮಾರಾಯ್ತಿ. ಬೆರಳಿಗೆ ಕಚ್ಚೋ ಆ ಮಿಷನ್ನು ತೆಗುದು, ಲಿಂಗ ಎಡಗೈಲಿ ತಾನೇ ಇರುತ್ತೆ, ಬಲಗೈ ಒಂಚೂರು ಕಿಟಕಿ ಆಚೆ ಚಾಚ್ಲಿ, ಉಸಿರು ನೋಡ್ಬುಟ್ಟು ಓಗ್ತೀನಿ ಅಂದ್ಲು.

ಒಳಗೋದೆ. ಅವ್ರು ಚಾಪೆ ಮೇಲೆ ಏದುಸಿರು ಬಿಡ್ತಾ ಬಿದ್ದಿದ್ರು. ಎಲ್ಲಿಂದ ಬಂತೋ ಆ ಬುದ್ಧಿ, ನನ್ ಬಲಗೈ ಬಳೆ ಅಷ್ಟೂ ಬಿಚ್ಚಿ ದೇವ್ರ ಗೂಡ್ನಲ್ಲಿಟ್ಟೆ. ಅವರ ತುಂಬುತೋಳಿನ ಬಿಳಿ ಅಂಗಿ ತೊಟ್ಟು ಕಿಟಕಿಯಿಂದ ಕೈ ಚಾಚಿದೆ. ಕಳೆ ಕಿತ್ತು ಕಿತ್ತು ಒರಟಾದ ಕೈ, ಯಾವ ಗಂಡಸಿನ ಕೈಗೇನು ಕಮ್ಮಿ? ತೊಂಬತ್ತೆಂಟು ಐತೆ, ಚೆನ್ನಾಗವ್ರೆ ಅಂತ ಬರ್ಕೊಂಡು ಮುಂದಿನ ಮನೆಗೆ ಓದ್ಲು. ಎಂಗೆ ಯಾಮಾರಿಸ್ದೆ ನೋಡಿ ಅಂತ ಅವರ ಮುಂದೆ ನಕ್ಕೆ. ನಗಕ್ಕೆ ಅವ್ರಿಗೆ ಉಸಿರು ಸಾಲ್ಲಿಲ್ಲ.

ನಾಕು ದಿನ ಅಂಗೇ ನಡೀತು. ದಿನಾ ಬಿಚ್ಚೋದು ತೊಡೋದು ಯಾತಕ್ಕೆ ಅಂತ ಬಳೇನ ಗೂಡ್ನಲ್ಲೇ ಬಿಟ್ಟು, ಸೆರಗಲ್ಲಿ ಕೈ ಮುಚ್ಕೊಂಡು ಓಡಾಡ್ದೆ.

ಐದನೇ ದಿನ ಬೆಳಿಗ್ಗೆ ಅವರ ತುಟಿ ನೀಲಿಯಾಯ್ತು. ರುದ್ರೇಶ ವಿಭೂತಿ ತಂದು ಹಚ್ತಾ ಕೂತ. ನಾನು ಬೀದಿಗೆ ಓಡಿ ಶಾಂತೀನೇ ಕೂಗ್ದೆ. ಅವ್ಳು ಬಂದು ಅವರ ಬೆರಳಿಗೆ ಮಿಷನ್ನು ಹಾಕಿದ್ಲು. ಅರವತ್ತೊಂದು. ಅದನ್ನ ನೋಡಿದ್ಲು, ನನ್ ಬೋಳು ಕೈ ನೋಡಿದ್ಲು.

"ಅಮ್ಮ, ಇಷ್ಟು ದಿನ ನಾನು ಹಿಡ್ಕೊಂಡಿದ್ದು ಯಾರ ಕೈ?"

ನಾನು ಕೈನ ಸೆರಗೊಳಗೆ ಎಳ್ಕೊಂಡೆ. ಅವ್ಳು ಬೈಲಿಲ್ಲ, ಫೋನ್ ಮಾಡಿ ಗಾಡಿ ಕರೆಸಿದ್ಲು.

ಆಸ್ಪತ್ರೇಲಿ ಮೂರು ಗಂಟೆ ಜೀವ ಇತ್ತು ಅಷ್ಟೇ. ಎರಡು ದಿನ ಮುಂಚೆ ಬಂದಿದ್ರೆ ಅಂತ ಡಾಕ್ಟ್ರು ಅಂದ್ರು. ದೂರದಿಂದ ಮುಖ ತೋರಿಸ್ದಾಗ ನಾನು ನೋಡಿದ್ದು ಕೊರಳನ್ನ. ಲಿಂಗ ಇರ್ಲಿಲ್ಲ. ಕಂಡ್ರಾ, ನಾವೇಳಿದ್ದೇ ಆಯ್ತು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನರ್ಸಮ್ಮ ಹೆಣದ ಚೀಲದ ಜಿಪ್ಪು ಇನ್ನೊಂಚೂರು ಕೆಳಗೆಳೆದ್ಲು. ಎಡ ಅಂಗೈಲಿ ಲಿಂಗ ಇಟ್ಟು, ಬೆರಳು ಮಡಿಸಿ, ಬ್ಯಾಂಡೇಜ್ ಸುತ್ತಿ ಭದ್ರವಾಗಿ ಕಟ್ಟಿದ್ರು. ಎಡಗೈಗೇ ಕಟ್ಬೇಕು ಅಂತ ಶಾಂತಿ ಫೋನಲ್ಲಿ ಏಳಿದ್ಲಂತೆ.

ಸುಡ್ಲಿಲ್ಲ. ನಮ್ ತ್ವಾಟದಲ್ಲೇ ಮಣ್ಣು ಮಾಡಿದ್ರು.

ಆಮೇಲೆ ನಮ್ ಬೀದಿ ಹೆಂಗಸರು ನನ್ ಬಳೆ ತೆಗೆಯಕ್ಕೆ ಕೂತ್ರು. ಎಡಗೈದು ಒಡೆದ್ರು. ಬಲಗೈ ಹಿಡಿದ್ರೆ ಅಲ್ಲೇನೂ ಇಲ್ಲ. ಯಾವಾಗ ತೆಗೆದೆ ಕಮಲಾಕ್ಷಮ್ಮ ಅಂತ ಕೇಳಿದ್ರು.

"ಅವ್ರು ಬದುಕಿದ್ದಾಗ್ಲೇ" ಅಂದೆ.