ಬೆಲ್ಟಿನ ಅಂಚಿಗೆ ಆನಿಸಿದ ಪಟ್ಟಿ

ಸಂಜೆಯೊಳಗೆ ಪಾರ್ಸೆಲ್ ಬಾರದಿದ್ದರೆ ಹತ್ತು ಸಲ ಫೋನ್ ಮಾಡುವ ನೀವು, ಗೋದಾಮಿನಲ್ಲಿ ಅದನ್ನು ಹೊತ್ತು ಸಾಗಿಸಿದ ಬೆಲ್ಟು ನೆಟ್ಟಗೆ ಓಡುತ್ತಿತ್ತೇ ಎಂದು ಒಮ್ಮೆಯಾದರೂ ಕೇಳಿದ್ದೀರಾ?

ಗಯಾಜ್‌ಗೆ ಅದು ಕೇಳದೆಯೇ ತಿಳಿಯುತ್ತಿತ್ತು. ಕೃಷ್ಣರಾಜಪುರದ ಪಾರ್ಸೆಲ್ ಗೋದಾಮಿನಲ್ಲಿ ಅವನು ಹನ್ನೊಂದು ವರ್ಷಗಳಿಂದ ಫಿಟ್ಟರ್. ಮೂರನೆಯ ಬೆಲ್ಟು ಎಡಕ್ಕೆ ಸರಿಯುತ್ತಿರುವುದನ್ನು, ಅಂಚು ಕಬ್ಬಿಣಕ್ಕೆ ಉಜ್ಜುವ ಸದ್ದಿನಿಂದಲೇ ಗುರುತಿಸಿದ. ಕಾರಣವೂ ಸ್ಪಷ್ಟವಿತ್ತು: ಪೊಟ್ಟಣಗಳಿಂದ ಕಿತ್ತುಬಂದ ಅಂಟುಪಟ್ಟಿ ಕೊನೆಯ ರೋಲರಿನ ಒಂದು ಬದಿಗೆ ಮೆತ್ತಿಕೊಂಡು ಗಡ್ಡೆಯಾಗಿ ಬೆಳೆದಿತ್ತು. "ಬೆಲ್ಟ್ ಪಕ್ಕಕ್ಕೆ ಹೋದ್ರೆ ಬೆಲ್ಟ್‌ನ ತಳ್ಬೇಡ್ವೋ. ನಿಲ್ಸಿ ರೋಲರ್ ನೋಡು," ಎಂದು ಕೆಲಸ ಕಲಿಸಿದ ರಾಮಣ್ಣ ಮೇಸ್ತ್ರಿ ಗದರಿದ್ದನ್ನು ಅವನು ಮರೆತಿರಲಿಲ್ಲ.

"ಅರ್ಧ ಗಂಟೆ ಆಫ್ ಮಾಡ್ಸಿ ಸಾರ್, ಕೆರೆದು ಕ್ಲೀನ್ ಮಾಡ್ಬಿಡ್ತೀನಿ," ಎಂದು ಸೂಪರ್‌ವೈಸರ್ ಭಾರ್ಗವನನ್ನು ಕೇಳಿದ.

"ಹಬ್ಬದ ಲೋಡು ಭಾಯ್! ಈಗ ನಿಲ್ಸಿದ್ರೆ ನನ್ನೇ ಬೆಲ್ಟ್ ಮೇಲೆ ಹಾಕಿ ಕಳಿಸ್ತಾರೆ. ಏನಾದ್ರೂ ಅಡ್ಡ ಕೊಟ್ಟು ಓಡ್ಸಿ."

ಗಯಾಜ್ ಕಬ್ಬಿಣದ ಪಟ್ಟಿಯೊಂದನ್ನು ಅಂಚಿಗೆ ಒತ್ತಿ ಬೋಲ್ಟು ಬಿಗಿದ. ತಪ್ಪೆಂದು ತಿಳಿದೂ ಮಾಡಿದ ಕೆಲಸಕ್ಕೆ ಅವಸರವೆಂಬ ನೆವ ಸಾಕಾದೀತೇ? ಬೆಲ್ಟೇನೋ ನಡುವಿಗೆ ಬಂತು.

ಪಕ್ಕದಲ್ಲಿ ಪೊಟ್ಟಣ ಬೇರ್ಪಡಿಸುತ್ತಿದ್ದ ಫಹ್ಮಿದಾ ನಕ್ಕಳು. "ಏನ್ ಭಾಯ್, ನಿಮ್ಗಿಂತ ಮುಂಚೆ ಇದಕ್ಕೇ ಊರುಗೋಲು ಬಂತಾ?"

"ನಾಳೆ ತೆಗೀತೀನಮ್ಮ."

ಅಂಥ ಒಂಬತ್ತು ನಾಳೆಗಳು ಕಳೆದವು. ಪಟ್ಟಿಗೆ ಉಜ್ಜಿ ಉಜ್ಜಿ ಅಂಚು ಸವೆದು, ಬೆಲ್ಟಿನೊಳಗಿನ ನೈಲಾನ್ ದಾರಗಳು ಹೊರಗೆ ಜೋತಾಡಿದವು. ಹತ್ತನೆಯ ದಿನ ಮಧ್ಯಾಹ್ನ ಒಂದು ದಾರ ಫಹ್ಮಿದಾಳ ಬೆರಳುಗಳಿಗೆ ಸುತ್ತಿಕೊಂಡು ಕೈಯನ್ನು ರೋಲರಿನತ್ತ ಎಳೆಯಿತು. ಗಯಾಜ್ ಓಡಿಬಂದು, ಬೆಲ್ಟು ನಿಲ್ಲಿಸುವ ಕೆಂಪು ಹಗ್ಗವನ್ನು ಜಗ್ಗುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಅಂದು ಸಂಜೆ, ಅಪಘಾತದ ತನಿಖೆಗೆ ಫೋಟೋ ತೆಗೆಯುವವರು ಬರುವ ಮುನ್ನ, ಭಾರ್ಗವ ಹೇಳಿದಂತೆ ಗಯಾಜನೇ ಪಟ್ಟಿ ಬಿಚ್ಚಿದ, ದಾರಗಳನ್ನು ಕತ್ತರಿಸಿದ, ರೋಲರನ್ನು ಕೆರೆದ. ಹಿಡಿದದ್ದು ಇಪ್ಪತ್ತೇ ನಿಮಿಷ. ಬೆಲ್ಟು ನೆಟ್ಟಗೆ ಓಡಿತು. "ಸಡಿಲ ತೋಳಿನ ಉಡುಪು, ಕೆಲಸದವಳ ಅಜಾಗರೂಕತೆ" ಎಂಬ ವರದಿಯ ಕೆಳಗೆ ಸಾಕ್ಷಿಯೆಂದು ಸಹಿಯನ್ನೂ ಹಾಕಿದ.

ತಿಂಗಳ ಬಳಿಕ ಫಹ್ಮಿದಾ ಶಿವಾಜಿನಗರದ ಅವನ ಮನೆಗೆ ಬಂದಳು. ಅಂದು ತೊಟ್ಟಿದ್ದ ಕುರ್ತಾವನ್ನು ಒಗೆದು ಮಡಿಸಿ ತಂದಿದ್ದಳು. ಮಣಿಕಟ್ಟಿನ ಬಳಿ ಬಿಗಿಯಾದ ಗುಂಡಿ.

"ನೀವೇ ನೋಡಿ ಹೇಳಿ ಭಾಯ್, ಇದು ಸಡಿಲಾನಾ? ನನ್ದೇ ತಪ್ಪು ಅಂತ ಕೆಲ್ಸದಿಂದ ತೆಗ್ದ್ಬಿಟ್ರು. ಆಫೀಸಲ್ಲಿ ಒಂದ್ ಮಾತು ನಿಜ ಹೇಳಿ, ಸಾಕು."

"ಹೇಳ್ತೀನಮ್ಮ," ಎಂದ ಗಯಾಜ್. "ನಾಳೆ."

ಫಹ್ಮಿದಾ ಒಂದೇ ಕೈಯಲ್ಲಿ ಕುರ್ತಾವನ್ನು ಮತ್ತೆ ಮಡಿಸಿಕೊಂಡು ಹೊರಟುಹೋದಳು. ಆ ನಾಳೆ ಇನ್ನೂ ಬಂದಿಲ್ಲ. ಕಬ್ಬಿಣದ ಪಟ್ಟಿ ಅವನ ಸ್ಪ್ಯಾನರುಗಳ ಚೀಲದ ತಳದಲ್ಲೇ ಇದೆ.

ಪಾರ್ಸೆಲ್ ಅರ್ಧ ಗಂಟೆ ತಡವಾದರೆ ಸೈರಿಸಿಕೊಳ್ಳಿ. ನೀವು ದುಡಿಯುವಲ್ಲಿ ಬೆಲ್ಟಿನ ಅಂಚಿಗೆ ಇಂಥ ಪಟ್ಟಿ ಆನಿಸಿದ್ದು ಕಂಡರೆ, ಯಾರ ಅಪ್ಪಣೆಗೂ ಕಾಯದೆ, ದಯವಿಟ್ಟು ಆ ಕೆಂಪು ಹಗ್ಗವನ್ನು ಎಳೆಯಿರಿ.