ಎರಡು ದಿನ ನಿಂತ ನೀರು

ನಲ್ಲಿ ರಿಪೇರಿಯವನು ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಗೋಡೆಯವರೆಗೆ ಹೋಗಿ, ಮೀನಿನ ತೊಟ್ಟಿಯ ಪ್ಲಗ್ಗನ್ನು ಹಿಡಿದು ಎಳೆದುಬಿಟ್ಟ. ಗಾಜಿನ ಒಳಗೆ ಸಾಲಾಗಿ ಏಳುತ್ತಿದ್ದ ಗುಳ್ಳೆಗಳು ನಿಂತವು. ಅಳುತ್ತಿದ್ದ ಹೆಂಗಸರು ಕೂಡ ಅರೆಗಳಿಗೆ ಅಳು ನಿಲ್ಲಿಸಿ ಅವನ ಕಡೆ ತಿರುಗಿದರು.

"ಏನ್ ಮಾಡ್ತಾ ಇದ್ದೀಯ ನೀನು?" ಸತ್ತ ಗಂಡನ ತಲೆಯ ಹತ್ತಿರ ಕೂತಿದ್ದ ಅತ್ತಿಗೆ ಕೇಳಿದಳು.

"ಗಾಳಿ ಮೋಟರ್ ನಿಲ್ಲಿಸಿದೆ, ಅತ್ತಿಗೆ. ಯಾರೋ ಇಲ್ಲಿ ನೊಣದ ಔಷಧಿ ಹೊಡೆದಿದ್ದಾರೆ. ಇದು ಆ ಗಾಳೀನೇ ಎಳ್ಕೊಂಡು ನೀರಿಗೆ ಬಿಡ್ತಾ ಇದೆ."

"ಅದನ್ನ ಮುಟ್ಟಬೇಡ."

"ಮೀನೆಲ್ಲ ಮೇಲೆ ಬಂದು ಒದ್ದಾಡ್ತಾ ಇವೆ. ಬೇಕಾದ್ರೆ ನೋಡಿ."

"ಮುಟ್ಟಬೇಡ ಅಂದ್ನಲ್ಲ. ಮಲಗಿದವರು ಎದ್ದು ಕೇಳಲ್ಲ ಅಂತ ಧೈರ್ಯಾನಾ ನಿನಗೆ?"

ಅವನು ಪ್ಲಗ್ಗನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಕಿಟಕಿಯ ಕೆಳಗೆ ಬೆಂಚಿನ ಮೇಲೆ ಅಣ್ಣ ಎದೆಯವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ನಿನ್ನೆ ಮಧ್ಯಾಹ್ನ, ಕನ್ನಡಕದ ಅಂಗಡಿಯಲ್ಲಿ, ಮೂವತ್ತೆಂಟು ವರ್ಷ ಕೂತು ಗಾಜು ಉಜ್ಜಿದ ಅದೇ ಸ್ಟೂಲಿನಿಂದ ಪಕ್ಕಕ್ಕೆ ವಾಲಿದವನು ಮತ್ತೆ ನೆಟ್ಟಗಾಗಲಿಲ್ಲ. ಮೂರು ಗಂಟೆಗೆ ಗಾಡಿ ಬರುವುದಿತ್ತು. ಈಗ ಒಂದೂವರೆ.

ಬಾಗಿಲ ಬಳಿ ಪಕ್ಕದ ಮನೆಯ ಟೈಲರ್ ಎದ್ದು ನಿಂತ. ಅವನ ಕುರ್ಚಿಯ ಕೆಳಗೆ ಔಷಧಿಯ ಡಬ್ಬಿ ಇತ್ತು.

"ನಾನೇ ಹೊಡೆದದ್ದು. ನೊಣ ಅವರ ಮುಖದ ಮೇಲೆ ಕೂರ್ತಾ ಇತ್ತು. ನೋಡೋಕಾಗಲಿಲ್ಲ," ಅಂದ. "ನನ್ನಿಂದ ಏನಾದ್ರೂ ಆಯ್ತಾ?"

ಆ ಕ್ಷಣಕ್ಕೆ ನಲ್ಲಿಯವನ ಎದೆ ಹಗುರಾಯಿತು: ಈ ಸಲ ನಾನಲ್ಲ. ಹಾಗೆ ಅನ್ನಿಸಿದ್ದಕ್ಕೆ ಮರುಕ್ಷಣ ನಾಚಿಕೆಯಾಗಿ, ಅಣ್ಣನ ಮುಖದ ಕಡೆ ನೋಡುವುದಕ್ಕೂ ಆಗದೆ, ತೊಟ್ಟಿಯ ಕಡೆಗೇ ಕಣ್ಣು ಇಟ್ಟ.

*

ಮೊದಲ ತೊಟ್ಟಿಯನ್ನು ಅಣ್ಣತಮ್ಮ ಇಬ್ಬರೂ ಸೇರಿ ಮಾಡಿದ್ದರು. ಆಗ ಇಬ್ಬರಿಗೂ ಮದುವೆಯಾಗಿರಲಿಲ್ಲ. ಅಂಗಡಿಯ ಒಡೆದ ಶೋಕೇಸಿನ ಗಾಜನ್ನು ಅಣ್ಣ ಕೇಳಿ ತಂದಿದ್ದ. ಅಂಚನ್ನು ಕಣ್ಣಿಗೆ ಹಾಕುವ ಗಾಜನ್ನು ಉಜ್ಜುವ ಹಾಗೆ ಉಜ್ಜಿ, "ಬೆರಳು ಸವರಿ ನೋಡು, ಕೊಯ್ದರೆ ಹೇಳು," ಅಂದಿದ್ದ. ಗೋಂದು ಹಚ್ಚಿ ಹಿಡಿದುಕೊಳ್ಳುವ ಕೆಲಸ ತಮ್ಮನದು. ಒಂದು ಹನಿ ಸೋರಲಿಲ್ಲ.

ಅಣ್ಣನಿಗೆ ದೊಡ್ಡ ಮೀನು ಬೇಡ. ಹೆಬ್ಬೆರಳಿಗಿಂತ ಚೂರು ಉದ್ದದ, ಮೈತುಂಬ ನೀಲಿ ಚುಕ್ಕೆಯ, ಕಣ್ಣಿನ ಮೇಲೆ ಅಡ್ಡಕ್ಕೆ ಕಪ್ಪು ಗೆರೆ ಎಳೆದ ಒಂದು ಜಾತಿ. ಮೀನಿನ ಅಂಗಡಿಯವರು ಕುಳ್ಳ ಸಿಕ್ಲಿಡ್ ಅನ್ನುತ್ತಿದ್ದರು. ಮನೆಯಲ್ಲಿ ಬರೀ ಕುಳ್ಳರು. ನೀರು ಸ್ವಲ್ಪ ತಣ್ಣಗಾದರೆ ಕಾಯಿಲೆ, ಗಡುಸಾದರೆ ಕಾಯಿಲೆ, ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಎರಡು ದಿನ ಊಟ ಬಿಡುವ ಜೀವ.

"ಮಗಳನ್ನ ಸಾಕೋದು ಇದಕ್ಕಿಂತ ಸುಲಭ ಇತ್ತು," ಅನ್ನುತ್ತಿದ್ದಳು ಅತ್ತಿಗೆ.

ಅವುಗಳ ಜೊತೆಗೆ ಕೆಂಪು ಗೆರೆಯ ಸಣ್ಣ ಮೀನುಗಳ ಗುಂಪು, ತಳ ಗುಡಿಸುತ್ತ ತಿರುಗುವ ಮೀಸೆಮೀನುಗಳು, ಎರಡು ಗಂಟು ಮರ, ಉದ್ದ ಎಲೆಯ ಗಿಡಗಳು. ಒಂದು ವಠಾರವೇ ಅದು. ಯಾರ ಜಾಗ ಯಾವುದು, ಯಾರ ಬಾಗಿಲಿಗೆ ಯಾರು ಹೋಗಬಾರದು ಎಲ್ಲ ಅಣ್ಣನಿಗೆ ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ಅಷ್ಟು ತಲೆ ಹಾಕಿದವನಲ್ಲ.

ವಾರಕ್ಕೊಮ್ಮೆ ನೀರು ಬದಲಾಯಿಸುವುದು. ಹಿತ್ತಲಲ್ಲಿ ಒಂದು ನೀಲಿ ಡ್ರಮ್ಮು. ಅದರಲ್ಲಿ ಹಿಡಿದ ನೀರು ಎರಡು ದಿನ ನಿಲ್ಲಬೇಕು; ಆಮೇಲೆ ಬಕೆಟ್ಟು ಬಕೆಟ್ಟಾಗಿ ಒಳಕ್ಕೆ ಹೊತ್ತು, ಅಂಗೈಗೆ ತಗುಲಿಸಿ ನಿಧಾನ ಸುರಿಯಬೇಕು. ಐವತ್ತು ದಾಟಿದ ಮೇಲೆ ಅಣ್ಣನ ಸೊಂಟ ಮಾತಾಡತೊಡಗಿತು. ತಮ್ಮನಿಗೆ ಅದು ಕಾಣುತ್ತಿತ್ತು.

ನಲ್ಲಿ ಕೆಲಸದವನ ಕಣ್ಣಿಗೆ ಡ್ರಮ್ಮು ಅಂದರೆ ಪೈಪು ತಲುಪದ ಜಾಗ, ಅಷ್ಟೆ. ನೀರು ಯಾಕೆ ನಿಲ್ಲಬೇಕು ಅಂತ ಅವನು ಕೇಳಲಿಲ್ಲ. ಅಣ್ಣ ಹೇಳುವ ಜಾತಿಯಲ್ಲ. ಅಣ್ಣ ಅತ್ತಿಗೆ ಎರಡು ದಿನ ಪರಸ್ಥಳಕ್ಕೆ ಹೋದಾಗ ಕೀಲಿ ಇವನ ಕೈಯಲ್ಲಿತ್ತು. ಬಂದು ನೋಡಿ ಖುಷಿಪಡಲಿ ಅಂತ, ಹಿತ್ತಲ ನಲ್ಲಿಯಿಂದ ತೊಟ್ಟಿಯವರೆಗೆ ಗೋಡೆಗುಂಟ ಪೈಪು ಎಳೆದ. ತುದಿಗೆ ಕಕ್ಕಸಿನ ಫ್ಲಷ್ ತೊಟ್ಟಿಯಲ್ಲಿ ಇರುವಂಥ ತೇಲುಗುಂಡು ಕೂರಿಸಿದ. ಹಳೆ ನೀರು ಅರ್ಧ ತೆಗೆದರೆ ಸಾಕು, ಹೊಸ ನೀರು ತಾನೇ ತುಂಬಿ ತಾನೇ ನಿಲ್ಲಬೇಕು. ಅಂಥ ನಾಜೂಕು ಕೆಲಸ ಅವನು ಯಾವ ಗಿರಾಕಿಗೂ ಮಾಡಿರಲಿಲ್ಲ. ಅರ್ಧ ತೆಗೆದು ಪರೀಕ್ಷೆ ಮಾಡಿಯೂ ನೋಡಿದ. ನೀರು ಅಣ್ಣ ಗಾಜಿನ ಮೇಲೆ ಎಳೆದಿಟ್ಟ ಗೆರೆಗೆ ಸರಿಯಾಗಿ ಬಂದು ನಿಂತಿತು.

ಮರುದಿನ ಬೆಳಗ್ಗೆ ಅವನು ಬಂದಾಗ ಮೀನು ಒಂದೂ ಉಳಿದಿರಲಿಲ್ಲ. ಪೇಟೆಯ ನೀರಿಗೆ ಹಾಕುವ ಬ್ಲೀಚಿಂಗ್ ಔಷಧಿ ಎರಡು ದಿನ ಬಿಟ್ಟರೆ ಆರಿಹೋಗುತ್ತದೆ, ನೀರನ್ನು ನಿಲ್ಲಿಸದೆ ನೇರ ತೊಟ್ಟಿಗೆ ಹಾಕಿದರೆ ಮೀನಿನ ಕಿವಿರು ಸುಡುತ್ತದೆ ಅಂತ ಮೀನಿನ ಅಂಗಡಿಯವನು ಹೇಳಿದ್ದು ಆಮೇಲೆ. ಆ ಔಷಧಿಯನ್ನು ಮುರಿಯಲೆಂದೇ ಸಿಗುವ ಬೆರಳುದ್ದದ ಬಾಟಲಿಯಿಂದ ನಾಲ್ಕು ಹನಿ ಹಾಕಿದ್ದರೂ ಸಾಕಿತ್ತಂತೆ.

ಪರಸ್ಥಳದಿಂದ ವಾಪಸಾದ ಅಣ್ಣ ಬೈಯಲಿಲ್ಲ. ಟೀ ಸೋಸುವ ಜಾಲರಿಯಿಂದ ಒಂದೊಂದನ್ನೇ ಎತ್ತಿ ಕಾಗದದ ಮೇಲೆ ಇಟ್ಟ. "ಊಟ ಮಾಡ್ಕೊಂಡು ಹೋಗು," ಅಂದ. ಮುಂದಿನ ವಾರ ಬಂದಾಗ ಪೈಪು ಇರಲಿಲ್ಲ. ತೊಟ್ಟಿಯ ಮುಚ್ಚಳಕ್ಕೂ ಕೆಳಗಿನ ಕಪಾಟಿಗೂ ಪುಟ್ಟ ಬೀಗ ಬಿದ್ದಿತ್ತು.

ಬೀಗವನ್ನು ಹೇಗೋ ನುಂಗಿಕೊಂಡಿದ್ದ. ಆದರೆ ಎರಡು ತಿಂಗಳ ಮೇಲೆ ಅಣ್ಣನ ಅಡುಗೆಮನೆಯ ನಲ್ಲಿ ಸೋರಿದಾಗ, ಎರಡು ಬೀದಿ ಆಚೆ ತಮ್ಮ ಇದ್ದೂ, ಅಣ್ಣ ಬೇರೆ ನಲ್ಲಿಯವನನ್ನು ಕರೆಸಿದ. ಅದು ಗೊತ್ತಾದ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಆಮೇಲಿನ ಒಂಬತ್ತು ವರ್ಷ ಬರುವುದು ಬಿಡಲಿಲ್ಲ, ಮಾತೂ ಬಿಡಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಆರು ಅಡಿ ದೂರದಿಂದ, ಅಣ್ಣ ಮಾಡುವುದನ್ನು ನೋಡುತ್ತಿದ್ದ.

*

"ಇದರ ನೀರು ಅರ್ಧಕ್ಕಿಂತ ಹೆಚ್ಚು ತೆಗೆದು ಬೇರೆ ಹಾಕಬೇಕು. ಈಗಲೇ," ಅಂದ ನಲ್ಲಿಯವನು. "ಹಿತ್ತಲ ಡ್ರಮ್ಮಲ್ಲಿ ಎಷ್ಟಿದೆ?"

ಅಣ್ಣನ ಮಗಳು ಉತ್ತರ ಕೊಟ್ಟಳು. "ಡ್ರಮ್ ಖಾಲಿ, ಚಿಕ್ಕಪ್ಪ. ಬೆಳಗ್ಗೆ ಅಪ್ಪನಿಗೆ ಸ್ನಾನ ಮಾಡಿಸೋಕೆ ಅದನ್ನೇ ತಗೊಂಡ್ವಿ. ಕೈಗೆ ಸಿಕ್ಕಿದ್ದು ಅದೇ."

ಮೀನಿಗೆಂದು ಹಿಡಿದಿಟ್ಟ ನೀರಲ್ಲಿ ಅಣ್ಣ ಮಿಂದು ಮಲಗಿದ್ದ. ಇನ್ನು ಉಳಿದದ್ದು ನಲ್ಲಿಯ ನೀರೊಂದೇ.

ಗೋಡೆಗೆ ಒರಗಿದ್ದ ಸೋದರಮಾವ ಕೋಲು ಕುಟ್ಟಿದ. ಎಂಬತ್ತರ ಮೇಲಿನ ಜೀವ. ಯಾರ ಮನೆಯ ಸಾವಿಗೂ ಮೊದಲು ಬಂದು ಕೊನೆಗೆ ಹೋಗುವವನು. "ಏನಯ್ಯಾ ಇದು? ಸತ್ತವನು ಮನೇಲಿ ಇದ್ದಾನೆ, ನಿನಗೆ ಮೀನಿನ ಆರೈಕೆ. ಆಮೇಲೆ ನೋಡ್ಕೊಂಡ್ರಾಯ್ತು ಬಿಡು."

"ಆಮೇಲೆ ಅಂದ್ರೆ ಇರಲ್ಲ, ಮಾವ."

"ಮನುಷ್ಯನೇ ಇಲ್ಲ, ಮೀನು ಇದ್ದರೆಷ್ಟು ಬಿಟ್ಟರೆಷ್ಟು?"

ಅತ್ತಿಗೆ ಥಟ್ಟನೆ ಮಾವನ ಕಡೆ ನೋಡಿದಳು. ಆ ಮಾತು ಅವಳಿಗೂ ಹಿಡಿಸಲಿಲ್ಲ. ಎದ್ದು ತೊಟ್ಟಿಯ ಹತ್ತಿರ ಬಂದಳು. ಇಷ್ಟು ವರ್ಷದಲ್ಲಿ ಅವಳು ಅದರ ಧೂಳು ಒರೆಸಿದ್ದು ಬಿಟ್ಟರೆ ಬಗ್ಗಿ ನೋಡಿದವಳಲ್ಲ. ಕೆಂಪು ಗೆರೆಯ ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ಗಂಟು ಮರದ ಬುಡದಲ್ಲಿ, ಮರಳು ತೋಡಿ ಮಾಡಿದ ಗುಳಿಯ ಮೇಲೆ, ಗಂಡು ಕುಳ್ಳ ಬಣ್ಣ ಕಳೆದುಕೊಂಡು ನಿಂತಿತ್ತು.

"ಎಲ್ಲ ಮೇಲೆ ಬಂದಿವೆ, ಇದೊಂದು ಯಾಕೆ ಬರ್ತಿಲ್ಲ?"

"ಮರಿ ಇದೆ, ಅತ್ತಿಗೆ. ಗುಳಿ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅದು. ಬಿಟ್ಟು ಬರಲ್ಲ."

"ನನಗೆ ಹೇಳಲೇ ಇಲ್ಲ."

"ನನಗೂ ಹೇಳಿಲ್ಲ. ಹೋದ ಭಾನುವಾರ ಆ ಕುರ್ಚಿಯಿಂದ ಕಾಣಿಸ್ತು. ಕೇಳೋಣ ಅಂದ್ಕೊಂಡೆ. ಕೇಳಲಿಲ್ಲ."

ಅತ್ತಿಗೆಯ ಕಣ್ಣು ಟೈಲರನ ಮೇಲೆ ಹೋಯಿತು. "ಹೆಣದ ಹತ್ತಿರ ಔಷಧಿ ಹೊಡೆಯೋ ಬುದ್ಧಿ ಯಾರು ಕೊಟ್ರು ನಿಮಗೆ? ಕೇಳಿ ಹೊಡೀಬಾರದಾ?"

ಟೈಲರ್ ತಲೆ ತಗ್ಗಿಸಿದ. ನಲ್ಲಿಯವನಿಗೆ ಆ ತಗ್ಗಿದ ತಲೆ ಚೆನ್ನಾಗಿ ಗೊತ್ತಿತ್ತು.

"ಬಿಡಿ, ಅತ್ತಿಗೆ. ಅಣ್ಣನ ಮುಖದ ಮೇಲೆ ನೊಣ ಕೂರಬಾರದು ಅಂತ ಮಾಡಿದ್ದು ಅವರು. ಕೇಳಬೇಕು ಅಂತ ಹೊಳೆಯಲ್ಲ. ಒಳ್ಳೇದು ಮಾಡ್ತಾ ಇದ್ದೀನಿ ಅನ್ನೋ ಹೊತ್ತಲ್ಲಿ ಯಾರಿಗೂ ಹೊಳೆಯಲ್ಲ."

ಅತ್ತಿಗೆ ಅವನನ್ನೇ ದಿಟ್ಟಿಸಿದಳು. ಅವನು ಯಾರ ಬಗ್ಗೆ ಹೇಳಿದ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಲ್ಲಿ ನೀರೇ ಹಾಕ್ತೀಯಾ?"

"ಬೇರೆ ಇಲ್ಲ. ಕಪಾಟಲ್ಲಿ ಒಂದು ಸಣ್ಣ ಬಾಟಲಿ ಇರಬೇಕು. ಅದನ್ನ ಬೆರೆಸಿ, ಬೆಚ್ಚಗೆ ಮಾಡಿ ಹಾಕಬೇಕು."

"ಈ ಸಲಾನೂ ಸತ್ರೆ?"

"ನಾನೇ ಕೊಂದೆ ಅಂತ ಹೇಳಿ. ಹೇಗೂ ಆ ಹೆಸರು ಇದೆ."

ಆಸ್ಪತ್ರೆಯವರು ಅಣ್ಣನ ಜೇಬಿನಿಂದ ತೆಗೆದುಕೊಟ್ಟದ್ದೆಲ್ಲ ಅವಳ ಪರ್ಸಿನಲ್ಲಿತ್ತು. ಕನ್ನಡಕ, ಬಸ್ಸಿನ ಚೀಟಿ, ಗಾಜು ಒರೆಸುವ ಬಟ್ಟೆ, ಒಂದೇ ಉಂಗುರದಲ್ಲಿ ಎರಡು ಪುಟ್ಟ ಕೀಲಿ. ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಕೂತು ಕಪಾಟಿನ ಬೀಗ ತೆಗೆದಳು, ಎದ್ದು ಮುಚ್ಚಳದ ಬೀಗ ತೆಗೆದಳು, ಬೀಗಗಳನ್ನು ಪರ್ಸಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದಳು.

ಆಮೇಲೆ ಕೆಲಸ. ಕಿಟಕಿ ಬಾಗಿಲು ತೆರೆಸಿದ. ಕೈಯನ್ನು ಮೊಣಕೈವರೆಗೆ ತೊಳೆದ, ಸೋಪು ಮುಟ್ಟಲಿಲ್ಲ. ಕೊಳವೆ ಇಳಿಬಿಟ್ಟು ಬಾಯಲ್ಲಿ ಎಳೆದು, ನಾರುವ ನೀರು ನಾಲಗೆಗೆ ತಾಗಿದ ಮೇಲೆ ತುದಿಯನ್ನು ಬಕೆಟ್ಟಿಗೆ ಬಿಟ್ಟ. ಇನ್ನೊಂದು ತುದಿಗೆ ತನ್ನ ಕರವಸ್ತ್ರ ಕಟ್ಟಿದ್ದ, ಮರಿ ಹೋಗದಂತೆ. ಅಣ್ಣನ ಮಗಳು ಒಲೆಯ ಮೇಲೆ ನೀರು ಕಾಯಿಸಿ ಕೊಟ್ಟಳು. ಟೈಲರ್ ಹಿತ್ತಲಿಂದ ಬಕೆಟ್ಟು ಹೊತ್ತ, ಬೇಡವೆಂದರೂ ಬಿಡಲಿಲ್ಲ.

"ನಾಲ್ಕು ಹನೀನಾ, ಐದಾ?" ಮಗಳು ಕೇಳಿದಳು.

"ಡ್ರಮ್ಮಿನ ನೀರು ಸಾಲದಾಗ ಅಪ್ಪ ಎಷ್ಟು ಹಾಕ್ತಿದ್ರು?"

"ನಾನು ಯಾವತ್ತೂ ನೋಡಿಲ್ಲ, ಚಿಕ್ಕಪ್ಪ. ನೋಡ್ತಾ ಕೂತಿದ್ದವರು ನೀವೊಬ್ಬರೇ."

ಅವನು ಹನಿ ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿದ. ಮಗ್ಗಿನಿಂದ ತನ್ನ ಅಂಗೈ ಮೇಲೆ ಸುರಿದು, ಬೆರಳ ಸಂದಿನಿಂದ ಇಳಿಯಬಿಟ್ಟ. ಎರಡನೆಯ ಬಕೆಟ್ಟು, ಮೂರನೆಯ ಬಕೆಟ್ಟು. ಕೆಂಪು ಗೆರೆಯವು ನಾಲ್ಕು ಸತ್ತವು. ಅವುಗಳನ್ನು ಎತ್ತಿ ಎಲ್ಲಿಡುವುದೆಂದು ನೋಡಿದಾಗ ಅತ್ತಿಗೆ ಮಾತಿಲ್ಲದೆ ಅಂಗೈ ಚಾಚಿದಳು. ಮೀಸೆಮೀನುಗಳು ಮೇಲೆ ಬರುವುದನ್ನು ನಿಲ್ಲಿಸಿದವು. ಗಿಡಗಳ ಮರೆಯಲ್ಲಿ ಹೆಣ್ಣು ಕುಳ್ಳ ಒಂದು ಎಲೆಗೆ ಒರಗಿ ಉಸಿರಾಡುತ್ತಿತ್ತು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಜನ ಎದ್ದರು. ಕುರ್ಚಿಗಳು ಸರಿದವು.

"ಎತ್ತೋಕೆ ನಾಲ್ಕು ಜನ ಬೇಕು. ಮೂವರು ಸಿದ್ಧ," ಅಂದ ಸೋದರಮಾವ. "ಒಡಹುಟ್ಟಿದವನು ನೀನೊಬ್ಬ. ಬಾ."

"ಇನ್ನು ಅರ್ಧ ಬಕೆಟ್ ಇದೆ, ಮಾವ. ಒಂದೇ ಸಲ ಸುರಿಯೋ ಹಾಗಿಲ್ಲ."

"ಇಡೀ ಬೀದಿ ನಗುತ್ತೆ."

"ನಗಲಿ. ಬೈಯೋ ಬದಲು ನಕ್ಕರೆ ನನಗೂ ಬದಲಾವಣೆ."

ಕೊನೆಯ ಮಗ್ಗು ಇಳಿದಾಗ ನೀರು ಗೆರೆಗೆ ಬಂದಿತ್ತು. ಸುರಿದ ರಭಸ ಎಷ್ಟು ಸಣ್ಣದಾದರೂ ಮರಿಗಳಿಗೆ ಅದು ಬಿರುಗಾಳಿಯೇ. ಸಾಸಿವೆ ಕಾಳುಗಳಂಥ ಆ ಜೀವಗಳು ಗುಳಿ ಬಿಟ್ಟು ತೊಟ್ಟಿಯ ತುಂಬ ಚದುರಿದ್ದವು. ಕೆಲವು ಮರಳಿನ ಮೇಲೆ ಅಲ್ಲಾಡದೆ ಬಿದ್ದಿದ್ದವು. ಗಂಡು ಕುಳ್ಳ ಮೊದಲ ಬಾರಿಗೆ ಜಾಗ ಬಿಟ್ಟು ಕದಲಿತು. ಒಂದು ಮರಿಯ ಹತ್ತಿರ ಹೋಗಿ, ಅದನ್ನು ಬಾಯಿಗೆ ತೆಗೆದುಕೊಂಡಿತು. ಪಕ್ಕದಲ್ಲಿದ್ದ ಇನ್ನೆರಡನ್ನೂ.

"ತಿಂತಾ ಇದೆ," ಅಂದಳು ಅತ್ತಿಗೆ. ಬೆಳಗಿನಿಂದ ಒಣಗಿದ್ದ ಕಣ್ಣು ಈಗ ತುಂಬಿತು. "ತನ್ನ ಮರೀನ ತಾನೇ ತಿಂತಾ ಇದೆ."

"ಹೇಳೋಕಾಗಲ್ಲ, ಅತ್ತಿಗೆ. ಚದುರಿದ ಮರೀನ ಬಾಯಲ್ಲಿ ಹೊತ್ತು ತಂದು ಗುಳೀಲಿ ಉಗುಳೋದೂ ಉಂಟು. ಹೆದರಿಕೆ ತಲೆಗೇರಿದ್ರೆ ನುಂಗಿಬಿಡೋದೂ ಉಂಟು."

"ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಬಾಯಿ ತೆರೆದಾಗ."

ಗಾಡಿಯವನು ಒಮ್ಮೆ ಹಾರನ್ ಒತ್ತಿದ. ಬೆಂಚಿನ ಮೂರು ಮೂಲೆಗಳಲ್ಲಿ ಮೂವರು ಬಗ್ಗಿ ನಿಂತು ನಾಲ್ಕನೆಯವನಿಗೆ ಕಾದರು. ಸೋದರಮಾವ ಏನೋ ಹೇಳಲು ಹೊರಟ. ಅತ್ತಿಗೆ ಹಿಂತಿರುಗದೆ, ಸತ್ತ ನಾಲ್ಕು ಮೀನು ಹಿಡಿದ ಕೈಯನ್ನು ಎದೆಗೆ ಒತ್ತಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಎತ್ತಿ ಅವನನ್ನು ತಡೆದಳು. ಅವಳ ಹಣೆಯೂ ನಲ್ಲಿಯವನ ಹಣೆಯೂ ಗಾಜಿಗೆ ತಾಗುವಷ್ಟು ಹತ್ತಿರವಿದ್ದವು. ಹೆಬ್ಬೆರಳುದ್ದದ ಮೀನು ಕೆನ್ನೆ ಉಬ್ಬಿಸಿಕೊಂಡು, ನಿಧಾನವಾಗಿ, ಗಂಟು ಮರದ ಬುಡಕ್ಕೆ ಇಳಿಯಿತು. ಗುಳಿಯ ಮೇಲೆ ಬಂದು, ಬಾಯಿ ಮುಚ್ಚಿಕೊಂಡೇ ನಿಂತಿತು.