ಹೊಗೆರಾಯನ ಹಿಮ್ಮುಖ ಸವಾರಿ

ಈ ಭೂಮಂಡಲದಲ್ಲಿ ಮೋಟರ್‌ಸೈಕಲ್ ಓಡಿಸುವವರು ಕೋಟಿಗಟ್ಟಲೆ ಇರಬಹುದು. ಆದರೆ ಸ್ವಂತ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎಂಜಿನ್ ಗುಡುಗುತ್ತಿರುವಾಗಲೇ ಬೈಕನ್ನು ಬಾಣದ ಹಾಗೆ ಹಿಂದಕ್ಕೆ ಓಡಿಸಿ, ಕತ್ತು ಹೊರಳಿಸಿಯೂ ನೋಡದೆ, ಹೂವು ಇಳಿಸಿದಂತೆ ನಿಲ್ಲಿಸಿದ ಗಂಡು ಒಬ್ಬನೇ ಒಬ್ಬ. ಅವನೇ ಕನ್ನಡಕದಂಗಡಿಯ ಹೊಗೆರಾಯ. ಅದೂ ಬೇಕೆಂದೇ ಓಡಿಸಿದ್ದು! ನಂಬದವರು ಎದ್ದು ಹೋಗಬಹುದು. ನಂಬುವವರು ಹತ್ತಿರ ಬನ್ನಿ.

ಹೊಗೆರಾಯ ಎಂಬುದು ಬೀದಿಯವರು ಕೊಟ್ಟ ಬಿರುದು. ವಾರವೆಲ್ಲ ಊರವರ ಮೂಗಿನ ಮೇಲೆ ಕನ್ನಡಕ ಕೂರಿಸುವುದು, ರಜೆ ಬಂತೆಂದರೆ ಹಳೇ ಟೂ-ಸ್ಟ್ರೋಕ್ ಬೈಕುಗಳ ಹೊಟ್ಟೆ ಬಿಚ್ಚಿಕೊಂಡು ಕೂರುವುದು, ಇದೇ ಅವನ ಬಾಳು. ಪೆಟ್ರೋಲಿನ ಜೊತೆಗೇ ಎಣ್ಣೆ ಕುಡಿಯುವ ಆ ಬೈಕುಗಳು ಬಿಡುವ ನೀಲಿ ಹೊಗೆಗೆ ಬೀದಿಯ ಸೊಳ್ಳೆಗಳೆಲ್ಲ ಗಂಟುಮೂಟೆ ಕಟ್ಟಿ ವಲಸೆ ಹೋಗಿದ್ದವು. ಹೋಗಲಾರದೆ ಉಳಿದ ಮುದಿ ಸೊಳ್ಳೆಗಳು ಕೆಮ್ಮುವುದು ಮನೆಮನೆಗೂ ಕೇಳಿಸುತ್ತಿತ್ತು. ಸತ್ತ ಎಂಜಿನ್ನಿನ ಪಕ್ಕ ನಿಂತು ಅವನೊಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಯಜಮಾನ ಬಂದ ಅಂತ ಅದು ಎದ್ದು ಕೂರುತ್ತಿತ್ತು.

ಅವನಿಗಿದ್ದ ದೊಡ್ಡ ಜಂಬ ಮಾತ್ರ ಕಣ್ಣಿನದು. ತಲೆ ಬೆಳ್ಳಗಾದರೂ ಕನ್ನಡಕ ಅವನ ಮೂಗು ಸೋಕಿರಲಿಲ್ಲ. "ನನ್ನದು ಹದ್ದಿನ ಕಣ್ಣು ಕಣ್ರೀ. ಇರುವೆ ಅತ್ತರೆ, ಯಾವ ಕಣ್ಣಲ್ಲಿ ನೀರು ಬಂತು ಅಂತ ಇಲ್ಲಿಂದಲೇ ಹೇಳ್ತೀನಿ" ಎನ್ನುತ್ತಿದ್ದ. ಹಾಗಾದರೆ ಪೇಪರನ್ನು ಕೈಯುದ್ದ ದೂರ ಹಿಡಿದು ಓದುವುದು ಯಾಕೆ ಅಂತ ಗಿರಾಕಿಗಳು ಕೇಳಿದರೆ, "ಸುದ್ದಿ ಕೆಟ್ಟದ್ದು, ದೂರವೇ ಇರಲಿ ಅಂತ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಭಾವ ತೀರಿಕೊಂಡ ಮೇಲೆ ಅವರ ಬೈಕು ಅಕ್ಕನ ಮನೆಯ ಇಕ್ಕಟ್ಟಾದ ಪ್ಯಾಸೇಜಿನಲ್ಲಿ, ಟಾರ್ಪಾಲು ಹೊದ್ದು ಮಲಗಿತ್ತು. ಅಕ್ಕ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವಳು. ಅವಳು ಸೀಟಿ ಊದಿದರೆ ಪಕ್ಕದೂರಿನ ಮಕ್ಕಳೂ ಸಾಲಾಗಿ ನಿಲ್ಲುತ್ತಿದ್ದರಂತೆ. ಹೋಗುತ್ತ ಬರುತ್ತ ಆ ಬೈಕಿನ ಫುಟ್‌ರೆಸ್ಟಿಗೆ ಕಾಲು ತಾಗಿಸಿಕೊಂಡು ರೋಸಿಹೋಗಿ, ಒಂದು ದಿನ ಗುಜರಿಯವನಿಗೆ ಹೇಳಿ ಕಳಿಸಿಬಿಟ್ಟಳು.

ಹೊಗೆರಾಯ ಅಂಗಡಿ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದ. "ಅಕ್ಕಾ, ಅದು ಭಾವನ ಬೈಕು! ನಾನು ಕ್ಲಚ್ ಹಿಡಿಯೋದು ಕಲಿತ ಬೈಕು! ಅದನ್ನ ಗುಜರಿಗೆ ಹಾಕ್ತೀಯಾ?"

"ಬೈಕು ಅಂದ್ಮೇಲೆ ಓಡಬೇಕು. ನಿಂತೇ ಇರೋದಕ್ಕೆ ಮನೇಲಿ ಬೀರು ಇದೆ."

"ನಾನು ಓಡಿಸ್ತೀನಿ."

"ಬಾಯಲ್ಲೋ, ರಸ್ತೇಲೋ?" ಎಂದಳು ಅಕ್ಕ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಸರಿ. ಮಳೆಗಾಲ ಮುಗಿಯೋವರೆಗೆ ಟೈಮ್ ಕೊಡ್ತೀನಿ. ನನ್ನನ್ನ ಹಿಂದೆ ಕೂರಿಸ್ಕೊಂಡು ಬೀದಿ ಕೊನೆವರೆಗೆ ಹೋಗಿ ಬಾ. ಬೈಕು ಉಳಿಯುತ್ತೆ. ಇಲ್ಲಾಂದ್ರೆ ಗುಜರಿ."

ಅಂದಿನಿಂದ ಅವನಿಗೆ ಊಟ ನಿದ್ದೆ ಎರಡೂ ಎರಡನೇ ಮಾತಾಯಿತು. ಟ್ಯಾಂಕಿನೊಳಗೆ ತುಕ್ಕು ಹೆಪ್ಪುಗಟ್ಟಿತ್ತು; ಹಿಡಿ ತುಂಬ ನಟ್ಟು ಹಾಕಿ, ಕೂಸು ತೂಗಿದ ಹಾಗೆ ತೂಗಿ ತೂಗಿ ಉದುರಿಸಿದ. ಸೈಲೆನ್ಸರಿನಿಂದ ಕೆರೆದು ತೆಗೆದ ಮಸಿಯಲ್ಲಿ ಒಂದು ಶಾಲೆಯ ಕಪ್ಪು ಹಲಗೆಗಳಿಗೆಲ್ಲ ಬಣ್ಣ ಹೊಡೆಯಬಹುದಿತ್ತು. ಪಿಸ್ಟನ್ನಿಗೆ ಹೊಸ ರಿಂಗು, ಎಣ್ಣೆ ಸೋರುತ್ತಿದ್ದ ಸೀಲುಗಳಿಗೆ ಬದಲಿ. ಕಾರ್ಬುರೇಟರಿನ ಸೂಜಿಗಣ್ಣಿನಂಥ ತೂತುಗಳನ್ನು ಊದಿ ಊದಿ ಕೆನ್ನೆ ಪೂರಿಯಂತಾಯಿತು. ಹ್ಯಾಂಡಲನ್ನು ಎಷ್ಟು ಉಜ್ಜಿದನೆಂದರೆ ಎದುರುಮನೆಯವರು ಅದರಲ್ಲಿ ಮುಖ ನೋಡಿಕೊಂಡೇ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕೊನೆಗೆ ಉಳಿದದ್ದು ಪೆಟ್ರೋಲಿಗೆ ಬೆಂಕಿ ಕೊಡುವ ಕಿಡಿಯ ಹೊತ್ತು ಹೊಂದಿಸುವುದು. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದರೆ ಒಳಗೊಂದು ತಟ್ಟೆ. ಅದರ ಅಂಚಿನಲ್ಲಿ ಕೂದಲೆಳೆಯಂಥ ಗುರುತು. ಅದನ್ನು ಎದುರಿನ ಗುರುತಿಗೆ ಸರಿಯಾಗಿ ಕೂರಿಸಿದರೆ ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತದೆ.

"ಹದ್ದಿನ ಕಣ್ಣಿಗೆ ಇದೇನು ಮಹಾ!" ಎಂದು ಹೊಗೆರಾಯ ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ, ಕೂರಿಸಿಯೇ ಬಿಟ್ಟ.

ಮಳೆಗಾಲ ಮುಗಿದು, ಗೊತ್ತುಮಾಡಿದ ದಿನ ಬೆಳಿಗ್ಗೆ ಬೀದಿಗೆ ಬೀದಿಯೇ ಜಗಲಿಗಳ ಮೇಲೆ ಹಾಜರು. ಗುಜರಿಯವನು ಹಳೇ ಪೇಪರು ಒಟ್ಟಿದ ತಳ್ಳುಗಾಡಿ ತಂದು, ತಕ್ಕಡಿ ಸಮೇತ ಅಕ್ಕನ ಗೇಟಿನ ಬಳಿ ಕಾದಿದ್ದ. ಅಕ್ಕ ಸೆರಗು ಬಿಗಿದು ಹಿಂದೆ ಕೂತಳು. ಹೊಗೆರಾಯ ಒದ್ದ. ಕಿಕ್ಕರ್ ತಿರುಗಿ ಅವನಿಗೇ ಒದೆಯಿತು. ನೋವು ನುಂಗಿಕೊಂಡು ಇನ್ನೊಮ್ಮೆ ಒದ್ದ. ಬೈಕು ಸಿಂಹದಂತೆ ಗರ್ಜಿಸಿತು! ಜಗಲಿಗಳಿಂದ ಚಪ್ಪಾಳೆ. ಎದೆಯುಬ್ಬಿಸಿ, ಗೇರು ಹಾಕಿ, ಕ್ಲಚ್ ಬಿಟ್ಟ.

ಬೈಕು ಹಿಂದಕ್ಕೆ ಹೋಯಿತು.

ಟೂ-ಸ್ಟ್ರೋಕಿನ ಸ್ವಭಾವವೇ ಹಾಗೆ. ಕಿಡಿ ತೀರಾ ಮೊದಲೇ ಬಿದ್ದರೆ ಕೆಲವೊಮ್ಮೆ ಎಂಜಿನ್ನು ಉಲ್ಟಾ ತಿರುಗಲು ಶುರುಮಾಡುತ್ತದೆ, ಅದಕ್ಕೆ ನಾಚಿಕೆಯೂ ಇಲ್ಲ. ಹೊಗೆರಾಯ ಬ್ರೇಕ್ ಹುಡುಕುವಷ್ಟರಲ್ಲಿ ಬೈಕು ಅಕ್ಕನ ಸಮೇತ ತಳ್ಳುಗಾಡಿಯ ಪೇಪರ್ ರಾಶಿಗೆ ಮೆತ್ತಗೆ ಒರಗಿ ಸುಮ್ಮನಾಯಿತು.

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಹೊಗೆರಾಯ ಕೈ ಮೇಲೆತ್ತಿ ಕೂಗಿದ: "ನೋಡಿದ್ರಾ? ಬೇಕಂತಲೇ! ರಿವರ್ಸ್ ಗೇರು, ನನ್ನದೇ ಕೈಚಳಕ!"

ಬೀದಿ ಹೋ ಎಂದಿತು. ಗುಜರಿಯವನು ಬಾಯಿ ಬಿಟ್ಟುಕೊಂಡು ನಿಂತ. ಅಕ್ಕ ಮಾತ್ರ ಇಳಿದು, ಸೀರೆ ಕೊಡವಿ, ತಣ್ಣಗೆ ಹೇಳಿದಳು: "ನಾನು ಹೇಳಿದ್ದು ಬೀದಿ ಕೊನೆವರೆಗೆ. ಇದು ನನ್ನನ್ನ ಸೀದಾ ಗುಜರಿ ಗಾಡಿಗೆ ತಂದುಬಿಡ್ತಲ್ಲೋ. ಬೈಕಿಗೇ ತನ್ನ ದಾರಿ ಗೊತ್ತಾದ ಹಾಗಿದೆ."

"ಅಕ್ಕಾ, ಇನ್ನೊಂದೇ ಒಂದು ಸಲ."

"ಈ ಗುಜರಿಯವರಿಗೆ ಟೀ ಕೊಡ್ತೀನಿ. ಲೋಟ ಖಾಲಿ ಆಗೋವರೆಗೆ ನಿನ್ನ ಟೈಮು."

ಹೊಗೆರಾಯ ಬೈಕನ್ನು ಪ್ಯಾಸೇಜಿಗೆ ತಳ್ಳಿಕೊಂಡು ಹೋಗಿ ಮುಚ್ಚಳ ಬಿಚ್ಚಿದ. ತಟ್ಟೆಯ ಅಂಚು ಮಂಜು ಕವಿದ ಬಯಲಿನಂತೆ ಕಂಡಿತು. ಕತ್ತು ಹಿಂದಕ್ಕೆಳೆದ, ಬೆನ್ನು ಗೋಡೆಗೆ ತಾಗಿತು, ಗುರುತು ಕಾಣಲಿಲ್ಲ. ಹೊರಗೆ ಗುಜರಿಯವನು ಟೀ ಊದುವ ಸದ್ದು. ಕಿಟಕಿಯ ಕಟ್ಟೆಯ ಮೇಲೆ, ಪೇಪರಿನ ಪಕ್ಕ, ಅಕ್ಕನ ಓದುವ ಕನ್ನಡಕವಿತ್ತು. ಗುಲಾಬಿ ಬಣ್ಣದ್ದು, ಅವನ ಅಂಗಡಿಯದೇ. ಹೊಗೆರಾಯ ಆ ಕಡೆ ನೋಡಿದ, ಈ ಕಡೆ ನೋಡಿದ. ಭಾವನ ಬೈಕು ನೋಡಿದ. ತೆಗೆದು ಹಾಕಿಕೊಂಡೇ ಬಿಟ್ಟ.

ಆಹಾ! ತಟ್ಟೆಯ ಅಂಚು ಕನ್ನಡಿಯಂತೆ ಕಂಡಿತು. ಅವನು ಗುರುತೆಂದು ನಂಬಿದ್ದು ಯಾವ ಕಾಲದಲ್ಲೋ ಸ್ಕ್ರೂಡ್ರೈವರ್ ಜಾರಿ ಬಿದ್ದ ಗೀಚು. ನಿಜವಾದ ಗುರುತು ಪಕ್ಕದಲ್ಲೇ ಕೂತು ನಗುತ್ತಿತ್ತು. ತಟ್ಟೆ ಸರಿಸಿ, ಸ್ಕ್ರೂ ಬಿಗಿದು, ಬೆವರು ಒರೆಸಿಕೊಳ್ಳಲು ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಬೈಕನ್ನು ಹೊರಗೆ ತಂದ. ಅಕ್ಕ ಮತ್ತೆ ಹಿಂದೆ ಹತ್ತಿ ಕೂತಳು.

ಒಂದೇ ಒದೆತ. ಈ ಸಲ ಗರ್ಜನೆಯಲ್ಲ. ತುಂಬಿದ ಮನೆಯಲ್ಲಿ ಹಿರಿಯರು ಮಾತಾಡಿದಂಥ ಹದವಾದ ಸದ್ದು. ಬೈಕು ಮುಂದಕ್ಕೆ ಹೊರಟಿತು. ಬೀದಿಯ ಕೊನೆಗೆ ಹೋಯಿತು, ತಿರುಗಿತು, ನೀಲಿ ಹೊಗೆಯ ಮೆರವಣಿಗೆ ಎಳೆದುಕೊಂಡು ಬಂತು. ಅಕ್ಕ ಇಳಿಯದೆ ಹಾಗೇ ಕೂತು, ಸೀಟಿನ ಅಂಚು ಸವರಿದಳು.

"ನಿಮ್ಮ ಭಾವನ ಕೈಯಲ್ಲೂ ಇದು ಇಷ್ಟು ಮೆತ್ತಗೆ ಓಡಿರಲಿಲ್ಲ ಕಣೋ," ಎಂದಳು. ಆಮೇಲೆ ಗುಜರಿಯವನ ಕಡೆ ತಿರುಗಿ, "ನೀವು ಲೋಟ ಇಟ್ಟು ಹೊರಡಿ. ನನ್ನ ತಮ್ಮ ಮುಟ್ಟಿದ್ದು ಗುಜರಿಗೆ ಹೋಗಲ್ಲ."

ಗುಜರಿಯವನಿಗೆ ಹೋಗುವ ಮನಸ್ಸಿರಲಿಲ್ಲ. "ಹೋಗ್ತೀನಮ್ಮಾ. ರಾಯರೇ, ಆ ಹಿಂದಕ್ಕೆ ಹೋಗೋದನ್ನ ಇನ್ನೊಂದು ಸಲ ತೋರಿಸಿ. ನನ್ನ ಹೆಂಡತಿ ಕೇಳಿದ್ರೆ ನಂಬಲ್ಲ."

"ಅದು ಎಲ್ಲರ ಕೈಲಿ ಆಗೋದಲ್ಲ," ಎಂದ ಹೊಗೆರಾಯ, ಮೀಸೆ ತಿರುವುತ್ತ. "ಒಳಗಿನ ಗುರುತನ್ನ ಬೇಕಂತಲೇ ಒಂದು ಕೂದಲೆಳೆ ಸರಿಸಬೇಕು. ಬರಿಗಣ್ಣಲ್ಲಿ! ನನ್ನಂಥ ಕಣ್ಣು..."

"ಅಂದ ಹಾಗೆ," ಎಂದಳು ಅಕ್ಕ ಹಿಂದಿನ ಸೀಟಿನಿಂದ, ಇಡೀ ಬೀದಿಗೆ ಕೇಳುವ ಡ್ರಿಲ್ ದನಿಯಲ್ಲಿ, "ನಿನ್ನ ಹಣೆ ಮೇಲಿರೋದು ಯಾರ ಕನ್ನಡಕನೋ?"

ಹೊಗೆರಾಯನ ಕೈ ಹಣೆಗೆ ಹೋಯಿತು. ಗುಲಾಬಿ ಫ್ರೇಮು ಬೆರಳಿಗೆ ತಾಗಿತು. ಜಗಲಿಗಳು ನಗೆಯಿಂದ ಕುಸಿದವು. ಗುಜರಿಯವನು ತಕ್ಕಡಿ ಹಿಡಿದುಕೊಂಡೇ ನೆಲಕ್ಕೆ ಕೂತ.

ಹೊಗೆರಾಯ ಕನ್ನಡಕ ತೆಗೆದು ಅಕ್ಕನ ಕೈಗಿತ್ತ. ಬೈಕು ಇನ್ನೂ ಹದವಾಗಿ ಮಿಡಿಯುತ್ತಿತ್ತು.

"ಸರಿ ಮಾರಾಯ್ರೇ, ನಕ್ಕು ಮುಗಿಸಿ," ಎಂದ. "ಬೇಕಂತ ಮಾಡಿದ್ದಲ್ಲ. ಗೀಚನ್ನ ಗುರುತು ಅಂದ್ಕೊಂಡೆ. ಹತ್ತಿರದ್ದು ಏನೂ ಕಾಣಲ್ಲ ನನಗೆ, ಎಷ್ಟೋ ವರ್ಷ ಆಯ್ತು. ಹಿಂದಕ್ಕೆ ಹೋಗಿದ್ದು ಕಣ್ಣಿನ ತಪ್ಪು." ಹ್ಯಾಂಡಲನ್ನು ಒಮ್ಮೆ ತಟ್ಟಿದ. "ಆದ್ರೆ ಮುಂದಕ್ಕೆ ಹೋಯ್ತಲ್ಲ, ಅದು ಬೇಕಂತಲೇ ಮಾಡಿದ್ದು."